ಅಕ್ಕಿನ ಪ್ರಶ್ನೆ

ಆತಗೂರಿನ ಪಕ್ಕದ ಹಳ್ಳಿಯ ಜವರಯ್ಯನ ಮನೆಯಿಂದ ತವರುಮನೆಗೆ ಅತಿ ಹೆಚ್ಚು ಸಲ ಹೋಗಿ ಬಂದದ್ದು ಅವನ ಹೆಂಡತಿಯಲ್ಲ, ಅವನ ಕೋವಿ. ಪಂಚಾಯಿತಿ ಚುನಾವಣೆ ಬಂದರೆ ಅದನ್ನು ಮದ್ದೂರಿನ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ವಿಧಾನಸಭೆ ಬಂದರೂ ಒಪ್ಪಿಸಬೇಕು, ಲೋಕಸಭೆ ಬಂದರೂ ಒಪ್ಪಿಸಬೇಕು. ಮತ ಎಣಿಕೆ ಮುಗಿದು, ಗೆದ್ದವರ ಮೆರವಣಿಗೆ ಮುಗಿದು, ಸೋತವರು ಮುಸುಕು ಹಾಕಿಕೊಂಡು ಮಲಗಿದ ಮೇಲೆ ಅದು ಮನೆಗೆ ಬರುತ್ತಿತ್ತು. ಬಂದು ಗೋಡೆಯ ಮೊಳೆಗೆ ಇನ್ನೂ ಸರಿಯಾಗಿ ಒಗ್ಗಿಕೊಂಡಿರುತ್ತಿರಲಿಲ್ಲ, ಅಷ್ಟರಲ್ಲಿ ಇನ್ನೊಂದು ಚುನಾವಣೆ.

ಕೋವಿ ಅವನಪ್ಪ ಹೊನ್ನಯ್ಯನ ಕಾಲದ್ದು, ಒಂಟಿ ನಳಿಗೆಯದು. ಲೈಸೆನ್ಸಿನಲ್ಲಿ ‘ಬೆಳೆ ರಕ್ಷಣೆಗಾಗಿ’ ಎಂದಿದೆ. ಬೆಳೆ ರಕ್ಷಣೆ ಎಂದರೆ ಕಾಡುಹಂದಿಯನ್ನು ಕೊಲ್ಲುವುದಲ್ಲ, ಅದಕ್ಕೆ ಕಾನೂನು ಬಿಡುವುದಿಲ್ಲ, ಜವರಯ್ಯನಿಗೂ ಅಂಥ ಆಸೆ ಇರಲಿಲ್ಲ. ಆಕಾಶಕ್ಕೆ ಒಂದು ಗುಂಡು ಹಾರಿಸಿ ಅವುಗಳನ್ನು ಓಡಿಸುವುದು, ಅಷ್ಟೇ.

ಕೋವಿ ಠಾಣೆಗೆ ಹೊರಟಾಗಲೆಲ್ಲ ಅವನ ಹೆಂಡತಿ ಹೊಂಬಾಳಮ್ಮ ಅದಕ್ಕೆ ಶಾಸ್ತ್ರ ಮಾಡಿಯೇ ಕಳಿಸುತ್ತಿದ್ದಳು. ಹಿಡಿಗೆ ಅರಿಶಿನ ಕುಂಕುಮ ಹಚ್ಚಿ, ಜರಿ ಅಂಚಿನ ಹಳೆಯ ಟವಲಿನಲ್ಲಿ ಸುತ್ತಿ, ಟವಲಿನ ತುದಿಗೆ ಒಂದು ಹಿಡಿ ಅಕ್ಕಿ, ಎಲೆ ಅಡಿಕೆ, ಬೆಲ್ಲದ ಚೂರು ಕಟ್ಟುತ್ತಿದ್ದಳು. ಹೆಣ್ಣುಮಕ್ಕಳಿಗೆ ಮಡಿಲಕ್ಕಿ ಕಟ್ಟುವ ಹಾಗೆಯೇ. ಠಾಣೆಯ ದಫೇದಾರ ನಿಂಗಯ್ಯ ಗಂಟು ಬಿಚ್ಚಿ ಬೆಲ್ಲ ಬಾಯಿಗೆ ಹಾಕಿಕೊಂಡು, “ಏನ್ ಹೊಂಬಾಳಕ್ಕ, ಠಾಣೆ ಇದಕ್ಕೆ ತವರುಮನೆನಾ?” ಎಂದು ನಗುತ್ತಿದ್ದ.

“ಇನ್ನೇನಪ್ಪಾ ಮತ್ತೆ? ನಾನು ನನ್ ತವರು ಮಳವಳ್ಳೀಲಿ ಉಳ್ಕಂಡಿರೋದ್ಕಿಂತ ಇದು ನಿಮ್ ಠಾಣೇಲಿ ಉಳ್ಕಂಡಿರೋದೇ ಜಾಸ್ತಿ. ಒಟ್ಟೆಗೆ ಎಣ್ಣೆ ಗಿಣ್ಣೆ ಆಕಿ ಚೆಂದಾಗಿ ನೋಡ್ಕಳಪ್ಪ,” ಎನ್ನುತ್ತಿದ್ದಳು ಅವಳು.

ಹೊಂಬಾಳಮ್ಮನ ಬಾಯಿಯ ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅವಳು ನಾಲೆ ಏರಿಯ ಮೇಲೆ ನಿಂತು ‘ಓಯ್’ ಎಂದರೆ ಅತ್ತ ರಸ್ತೆಯಲ್ಲಿ ಹೋಗುವ ಮದ್ದೂರು ಬಸ್ಸಿನ ಡ್ರೈವರು ಬ್ರೇಕ್ ಹಾಕುತ್ತಿದ್ದ. ಭತ್ತ ತೆನೆ ಬಿಟ್ಟ ಕಾಲದಲ್ಲಿ ಹೊತ್ತು ಮುಳುಗುತ್ತಿದ್ದಂತೆ ಗಂಡ ಹೆಂಡತಿ ಗದ್ದೆ ಸುತ್ತಲು ಹೊರಡುವುದು ಪದ್ಧತಿ. ಮುಂದೆ ಕೋವಿ ಹೆಗಲಿಗೇರಿಸಿದ ಜವರಯ್ಯ, ಎದೆ ಸೆಟೆಸಿಕೊಂಡು. ಹಿಂದೆ ಬ್ಯಾಟರಿ ಹಿಡಿದ ಹೊಂಬಾಳಮ್ಮ, ಗುಡ್ಡದ ಕಡೆ ಮುಖಮಾಡಿ ಹಂದಿಗಳ ವಂಶವನ್ನೆಲ್ಲ ಬೈಯುತ್ತಾ. ತೋಟಾಗಳಿಗೆ ದುಡ್ಡು ಬೀಳುತ್ತದಲ್ಲ, ಆದ್ದರಿಂದ ಜವರಯ್ಯ ಎಂದೋ ಒಂದು ದಿನ ಮಾತ್ರ ಗುಂಡು ಹಾರಿಸುತ್ತಿದ್ದ. ಆದರೂ ಹಂದಿ ಇತ್ತ ತಲೆ ಹಾಕುತ್ತಿರಲಿಲ್ಲ. “ನಮ್ ಕೋವಿ ನೆರಳು ಕಂಡ್ರೆ ಸಾಕು ಕಣ್ಲಾ, ಅಂದಿ ಊರು ಬುಟ್ಟು ಓಯ್ತವೆ,” ಎಂದು ಅವನು ಟೀ ಅಂಗಡಿಯಲ್ಲಿ ಕುಳಿತು ಹೇಳುತ್ತಿದ್ದ. ಅದನ್ನು ಅವನು ಮನಸಾರೆ ನಂಬಿದ್ದ.

ಈ ಸಲ ಚುನಾವಣೆ ಬಂದದ್ದು ಬೇಸಿಗೆ ಭತ್ತ ಹಾಲುಗಟ್ಟುವ ಹೊತ್ತಿಗೆ. ಕೋವಿ ಮಡಿಲಕ್ಕಿ ಕಟ್ಟಿಸಿಕೊಂಡು ಠಾಣೆಗೆ ಹೋಯಿತು. ಅದೇ ವಾರ ಮಳವಳ್ಳಿಯಲ್ಲಿ ಹೊಂಬಾಳಮ್ಮನ ತಾಯಿ ಯಶೋದಮ್ಮ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಹೊಂಬಾಳಮ್ಮ ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು ತಾಯಿಯನ್ನು ನೋಡಿಕೊಳ್ಳಲು ಹೋದಳು. ಮಡಿಲಕ್ಕಿ ಕಟ್ಟುವವಳೇ ಅವಳಾದ್ದರಿಂದ ಅವಳಿಗೆ ಕಟ್ಟುವವರು ಯಾರೂ ಇರಲಿಲ್ಲ. ಜವರಯ್ಯನಿಗೆ ಅದು ಹೊಳೆಯಲೂ ಇಲ್ಲ.

ಮರುದಿನವೇ ಹಂದಿಗಳು ಬಂದವು. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಯ ಒಂದು ಮೂಲೆ ಚಾಪೆ ಹಾಸಿದ ಹಾಗೆ ಮಲಗಿತ್ತು. ಜವರಯ್ಯ ತಗಡು ಬಡಿದ, ಹಳೆಯ ಸೀರೆ ಕಟ್ಟಿದ, ಬೆಂಕಿ ಹಾಕಿದ. ಅವು ಬರುತ್ತಲೇ ಇದ್ದವು. ಆ ಗದ್ದೆ ಅವನ ಮನೆಯ ವರ್ಷದ ಊಟ. ಅಪ್ಪನ ಕಾಲದಿಂದ ಆ ಮನೆಯಲ್ಲಿ ಅಂಗಡಿ ಅಕ್ಕಿ ಬೆಂದಿರಲಿಲ್ಲ, ಅದು ಜವರಯ್ಯನಿಗೆ ದೊಡ್ಡ ಹೆಮ್ಮೆ. ಹೀಗೇ ಬಿಟ್ಟರೆ ಈ ವರ್ಷ ಚೀಲ ಹಿಡಿದು ಅಂಗಡಿಗೆ ಹೋಗಬೇಕಾಗುತ್ತದೆ ಎಂಬ ಯೋಚನೆಗೇ ಅವನಿಗೆ ತುತ್ತು ಇಳಿಯದಾಯಿತು.

ಸಂಜೆ ಹೆಂಡತಿಗೆ ಫೋನು ಮಾಡಿದ. “ಕೋವಿ ಇಲ್ದೆ ಕೈ ಮುರ್ದಂಗಾಗೈತೆ ಕಣಮ್ಮಿ. ಕೋವಿ ಇದ್ದಿದ್ರೆ ಒಂದ್ ಅಂದಿ ಬತ್ತಿತ್ತಾ?”

“ದಿನಾ ಕೋವಿ ಕೋವಿ ಅಂತೀಯಲ್ಲ. ನಾನಿಲ್ಲಿಗೆ ಬಂದಾಗ್ನಿಂದ ಒಂದ್ ದಿನಾರ ಉಂಡ್ಯಾ ಅಂತ ಕೇಳಿದ್ದೀಯಾ ನನ್ನ?” ಎಂದಳು ಹೊಂಬಾಳಮ್ಮ.

“ಅದ್ನೇನ್ ಕೇಳೋದು, ತವರುಮನೇಲಿ ಉಣ್ದೆ ಇರ್ತೀಯಾ? ನಾಳೆ ಮಂಡ್ಯಕ್ಕೋಗಿ ಮೂರ್ತಿನ ನೋಡ್ಕಂಡ್ ಬತ್ತೀನಿ. ಕೋವಿ ಬುಡುಸ್ಕಂಡು ಬರ್ಲೇಬೇಕು,” ಎಂದು ಜವರಯ್ಯ ಫೋನಿಟ್ಟ.

ಮೂರ್ತಿ ಎಂದರೆ ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡಿರುವ ವಕೀಲ ವೆಂಕಟೇಶಮೂರ್ತಿ. ಮದ್ದೂರಿನ ಹೈಸ್ಕೂಲಿನಲ್ಲಿ ಜವರಯ್ಯನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಸಂವಿಧಾನ ಎಂಬ ಮಾತು ಬಂದರೆ ಸಾಕು, ಕುರ್ಚಿಯಿಂದ ಅರ್ಧ ಎದ್ದು ನಿಲ್ಲುವ ಮನುಷ್ಯ.

“ನೋಡು ಜವರಯ್ಯ, ನಮ್ಮ ದೇಶದಲ್ಲಿ ಕೋವಿ ಇಟ್ಟುಕೊಳ್ಳೋದು ಹಕ್ಕು ಅಂತ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಸರ್ಕಾರ ಕೊಟ್ಟರೆ ಲೈಸೆನ್ಸು, ಇಲ್ಲದಿದ್ದರೆ ಇಲ್ಲ. ಆದರೆ ಬದುಕೋ ಹಕ್ಕು ಬರೆದಿದೆ, ದುಡಿದು ತಿನ್ನೋ ಹಕ್ಕು ಬರೆದಿದೆ. ಚುನಾವಣೆ ಅಂತ ಎಲ್ಲರ ಕೋವೀನೂ ಒಂದೇ ಗಂಟು ಕಟ್ಟಿ ಇಸ್ಕೊಳ್ಳೋ ಹಾಗಿಲ್ಲ. ಯಾರದ್ದು ಬೇಕು, ಯಾರದ್ದು ಬೇಡ ಅಂತ ಒಬ್ಬೊಬ್ಬರದೂ ವಿಚಾರಿಸಿ ನೋಡಬೇಕು ಅಂತ ಕೋರ್ಟುಗಳೇ ಹೇಳಿವೆ. ಅದಕ್ಕೊಂದು ಸಮಿತಿ ಇದೆ. ಅರ್ಜಿ ನಾನು ಹಾಕ್ತೀನಿ. ನಾಳೆ ನನಗೆ ಬೇರೆ ಕೇಸಿದೆ, ನೀನೊಬ್ಬನೇ ಹೋಗು. ಹೆಚ್ಚು ಮಾತಾಡಬೇಡ. ಇದು ಹಕ್ಕಿನ ಪ್ರಶ್ನೆ ಅಂತ ಒಂದೇ ಮಾತು ಹೇಳು, ಸಾಕು.”

“ಅಕ್ಕಿನ್ ಪ್ರಸ್ನೆ,” ಎಂದು ಜವರಯ್ಯ ಬಾಯಿಪಾಠ ಮಾಡಿಕೊಂಡ. ವೆಂಕಟೇಶಮೂರ್ತಿ ಅದೇ ನೀರು ಕುಡಿದು ಬೆಳೆದವನು, ಅವನ ಕಿವಿಗೆ ಅದರಲ್ಲಿ ಏನೂ ತಪ್ಪು ಕೇಳಿಸಲಿಲ್ಲ.

ಮಂಡ್ಯದ ಜಿಲ್ಲಾ ಕಚೇರಿಯಲ್ಲಿ ಸಮಿತಿಯ ಪರವಾಗಿ ಅರ್ಜಿಗಳನ್ನು ವಿಚಾರಿಸುತ್ತಿದ್ದವರು ಪ್ರಿಯಂವದಾ ಎಂಬ ಅಧಿಕಾರಿ. ಧಾರವಾಡದ ಕಡೆಯವರು, ಮಂಡ್ಯಕ್ಕೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಬೆಳಗಿನಿಂದ ಅವರ ಮುಂದೆ ಪಿಂಚಣಿ ನಿಂತವರು, ರೇಷನ್ ಸಿಗದವರು, ಬ್ಯಾನರು ಕಟ್ಟಬೇಕೆನ್ನುವವರು ಎಲ್ಲರೂ ಬಂದು ಹೋಗಿದ್ದರು. ಅರ್ಜಿಗಳ ಕಟ್ಟು ಇನ್ನೂ ಅವರ ಮೇಜಿಗೆ ಬಂದಿರಲಿಲ್ಲ. ಜವರಯ್ಯ ಒಳಗೆ ಹೋಗಿ ಕೈಮುಗಿದು, ಉಸಿರು ಬಿಗಿಹಿಡಿದು ಹೇಳಿದ:

“ತಾಯಿ, ಇದು ಅಕ್ಕಿನ್ ಪ್ರಸ್ನೆ.”

“ಅಕ್ಕಿ ಬರೂದು ನಿಂತದ ಏನ್ರಿ?” ಎಂದು ಪ್ರಿಯಂವದಾ ಮರುಕದಿಂದ ಕೇಳಿದರು.

ಜವರಯ್ಯನ ಕಣ್ಣ ಮುಂದೆ ಗದ್ದೆ ಬಂತು. ಎಷ್ಟು ಬೇಗ ಅರ್ಥ ಮಾಡಿಕೊಂಡಳಲ್ಲ ಮಹಾತಾಯಿ ಎಂದು ಅವನು ಇನ್ನೊಮ್ಮೆ ಕೈಮುಗಿದ. “ಊಂ ತಾಯಿ. ಇಂಗೇ ಬುಟ್ರೆ ಈ ವರ್ಸ ಒಂದ್ ಸೇರ್ ಅಕ್ಕೀನೂ ಮನೆಗೆ ಬರಾಕಿಲ್ಲ.”

“ಚಿಂತಿ ಮಾಡಬ್ಯಾಡ್ರಿ ಯಜಮಾನ್ರ,” ಎಂದು ಅವರು ಒಂದು ಚೀಟಿ ಬರೆದುಕೊಟ್ಟರು. “ಇದನ್ನ ತಗೊಂಡು ಕೆಳಗ ಹೋಗ್ರಿ. ಇವತ್ತ ನಿಮ್ಮ ಕೆಲಸ ಆಗ್ತದ.”

ಜವರಯ್ಯ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಕೆಳಗಿಳಿದ. ಚೀಟಿ ನೋಡಿ ಅಲ್ಲಿದ್ದವರು ತೋರಿಸಿದ ಸಾಲಿನಲ್ಲಿ ನಿಂತ. ಈ ಪಾಟಿ ಜನ ಕೋವಿ ಇಟ್ಟುಕೊಂಡಿದ್ದಾರಲ್ಲ, ಅದರಲ್ಲೂ ಇಷ್ಟು ಹೆಂಗಸರು ಎಂದು ಬೆರಗಾದ. ಅವನ ಸರದಿ ಬಂದಾಗ ಗುಮಾಸ್ತ ಕತ್ತೆತ್ತದೆ, “ರೇಷನ್ ಕಾರ್ಡ್ ಕೊಡಿ. ಚೀಲ ತಂದಿದ್ದೀರಾ?” ಎಂದ.

“ಕೋವಿಗೆ ಚೀಲ ಯಾಕಪ್ಪ? ಟವಲ್ ಐತೆ,” ಎಂದ ಜವರಯ್ಯ.

ಗುಮಾಸ್ತ ಕತ್ತೆತ್ತಿದ. ಆಮೇಲೆ ಅಲ್ಲಿ ನಡೆದ ಮಾತನ್ನೆಲ್ಲ ಬರೆಯುವುದು ಬೇಡ. ಅಂಗಡಿ ಅಕ್ಕಿ ಮುಟ್ಟದ ವಂಶದವನನ್ನು ಅಕ್ಕಿಯ ಸಾಲಿನಲ್ಲಿ ನಿಲ್ಲಿಸಿದರಲ್ಲ ಎಂಬ ಅವಮಾನಕ್ಕೆ ಜವರಯ್ಯನ ಮುಖ ಕೆಂಪಗಾಗಿ, ಅವನು ಗುತ್ತಲಿನವರೆಗೂ ಆಟೋ ಹತ್ತದೆ ನಡೆದೇ ಹೋದ.

ವೆಂಕಟೇಶಮೂರ್ತಿಯ ತಾಯಿ ಗೋದಮ್ಮ ಮೊಸರು ಕಡೆಯುವುದನ್ನು ಬಿಟ್ಟು ಕಥೆ ಕೇಳಿದರು. ಮಗನಿಗಿಂತ ಮೊದಲು ಅವರಿಗೇ ಹೊಳೆಯಿತು. “ಅಯ್ಯೋ ಪೆದ್ದೇ, ಆಯಮ್ಮ ಉತ್ತರದೋರು. ನೀನು ಹಕ್ಕು ಅನ್ನಬೇಕಾದ್ದನ್ನ ಅಕ್ಕು ಅಂದ್ರೆ ಅವರಿಗೆ ಇನ್ನೇನು ಕೇಳುತ್ತೆ? ಹ ಅನ್ನು, ಹ. ಹೊಟ್ಟೆಯೊಳಗಿಂದ ಗಾಳಿ ಬರಲಿ.”

“ಅ,” ಎಂದ ಜವರಯ್ಯ.

“ಕನ್ನಡಕದ ಗಾಜಿಗೆ ಊದಿ ಒರೆಸ್ತಾರಲ್ಲ, ಹಾಗೆ ಊದು.”

ಜವರಯ್ಯ ಮಗ್ಗಿ ಕಲಿಯುವ ಹುಡುಗನ ಹಾಗೆ ಊದಿದ. ಹ ಬಂತು! ಬಂದದ್ದೇ ತಡ, ಅದನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಮದ್ದೂರಿನ ತನಕ ಬಸ್ಸಿನ ಕಿಟಕಿಗೆ ಹ, ಹ ಎಂದು ಊದುತ್ತಾ ಬಂದ. ಪಕ್ಕದವನು ಕಾಯಿಲೆಯೋ ಏನೋ ಎಂದು ಹೆದರಿ ಸೀಟು ಬದಲಾಯಿಸಿದ. ಮನೆಗೆ ಬಂದು ಹಸುವಿಗೆ ಹುಲ್ಲು ಹಾಕುವಾಗಲೂ ಅಭ್ಯಾಸ ನಡೆಯಿತು. ಗದ್ದೆಯಲ್ಲಿ ಹಂದಿಗಳ ಅಭ್ಯಾಸವೂ ನಡೆದೇ ಇತ್ತು, ಮೂಲೆಯಿಂದ ಅವು ಈಗ ನಡುಗದ್ದೆಗೆ ಬಂದಿದ್ದವು.

ಎರಡನೆಯ ವಿಚಾರಣೆಗೆ ವೆಂಕಟೇಶಮೂರ್ತಿಯೂ ಜೊತೆಗೆ ಬಂದ. ಅಷ್ಟರಲ್ಲಿ ಅರ್ಜಿ ಪ್ರಿಯಂವದಾ ಅವರ ಮೇಜಿಗೆ ಬಂದಿತ್ತು, ಕೋವಿ ಎಂಬುದು ಅವರಿಗೆ ತಿಳಿದಿತ್ತು.

“ಹಿಂದಿನ ಸಲ ತಪ್ಪು ತಿಳಕೊಂಡೆ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದರು ಅವರು. “ಈಗ ನೀವ ಹೇಳ್ರಿ. ಕೋವಿ ಯಾಕ ಬೇಕು?”

ಜವರಯ್ಯ ಎದೆ ತುಂಬ ಗಾಳಿ ಎಳೆದುಕೊಂಡ. “ತಾಯಿ, ಇದು ಹಕ್ಕಿನ ಪ್ರಶ್ನೆ!” ಕಿಟಕಿಯ ಪರದೆ ಅಲ್ಲಾಡಿತೋ ಎನ್ನುವಷ್ಟು ಜೋರಾಗಿ ಹ ಹೊರಟಿತ್ತು. ವೆಂಕಟೇಶಮೂರ್ತಿ ತೃಪ್ತಿಯಿಂದ ತಲೆದೂಗಿದ. ಜವರಯ್ಯ ಅಲ್ಲಿಗೇ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಗೆದ್ದವನಿಗೆ ನಿಲ್ಲಿಸುವುದು ಕಷ್ಟ. “ನಮ್ಮ ಹಪ್ಪನ ಕಾಲದಿಂದ ಹಂಗಡಿ ಹಕ್ಕಿ ಮುಟ್ಟಿದೋರಲ್ಲ ತಾಯಿ. ನಮ್ಮ ಗದ್ದೆ ಹಕ್ಕೀನೇ ಬೇಯಿಸ್ಕಂಡು ತಿಂದು ಬೆಳೆದೋರು. ಕೋವಿ ಇದ್ರೆ ತಾನೇ ನಮ್ಗೆ ಹಕ್ಕಿ?”

ಪ್ರಿಯಂವದಾ ಅವರ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು. “ಹಕ್ಕಿ ಹೊಡದು ತಿಂತೀರಿ? ಅದನ್ನ ನನ್ನ ಮುಂದ ಬಂದು ಹೇಳ್ತೀರಿ? ಅಲ್ರೀ, ನಿಮ್ಮ ತಾಲೂಕಿನಾಗ ಕೊಕ್ಕರೆ ಬೆಳ್ಳೂರು ಅದ! ಆ ಊರಾಗ ಹಕ್ಕಿನ್ನ ಮನಿ ಮಗಳಂಗ ನೋಡ್ಕೋತಾರಂತ! ಕೋವಿ ಕೊಡೂದಿರಲಿ, ಮೊದಲ ಅರಣ್ಯ ಇಲಾಖೆಯವರನ್ನ ಕರಸ್ತೀನಿ!”

ಜವರಯ್ಯನಿಗೆ ದಿಕ್ಕೇ ತೋಚಲಿಲ್ಲ. ಅಕ್ಕಿ ತಿನ್ನುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಕೆ? ವೆಂಕಟೇಶಮೂರ್ತಿ ಎದ್ದು, ಸಂವಿಧಾನವನ್ನೆಲ್ಲ ಬದಿಗಿಟ್ಟು, ಅಕಾರ ಹಕಾರಗಳ ಪಾಠ ಮಾಡಬೇಕಾಯಿತು. ನಮ್ಮವರು ಇರುವ ಹಕಾರವನ್ನು ನುಂಗುತ್ತಾರೆ, ತಿದ್ದಲು ಹೋದರೆ ಇಲ್ಲದ ಕಡೆಯೆಲ್ಲ ಉಗುಳುತ್ತಾರೆ, ಇವನು ತಿಂದದ್ದು ಅನ್ನ ಮಾತ್ರ ಎಂದು ವಿವರಿಸಿದ. ಪ್ರಿಯಂವದಾ ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ತಡೆಯಲಾಗದೆ ನಕ್ಕು, ಕಣ್ಣು ಒರೆಸಿಕೊಂಡು, ಜವರಯ್ಯನಿಗೆ ಕುರ್ಚಿ ಹಾಕಿಸಿ ಕಾಫಿ ತರಿಸಿದರು.

“ನಿಮ್ಮ ವಕೀಲರು ಹೇಳೂದು ಖರೆ ಅದ,” ಎಂದರು ನಗು ಇಳಿದ ಮೇಲೆ. “ಒಬ್ಬೊಬ್ಬರದು ನೋಡಿನ ತೀರ್ಮಾನ ಮಾಡಬೇಕು. ನಾಳೆ ಸಂಜಿಕ ನಾನ ನಿಮ್ಮ ಗದ್ದಿಗೆ ಬರ್ತೀನಿ. ಕೋವಿಯಿಂದ ಹಂದಿ ಓಡೂದು ನಾ ಕಣ್ಣಾರೆ ನೋಡಬೇಕು.”

ಜವರಯ್ಯ ಹೊರಗೆ ಬಂದವನೇ ಮಳವಳ್ಳಿಗೆ ಫೋನು ಹಚ್ಚಿದ. “ದೊಡ್ಡ ಆಪೀಸರಮ್ಮ ಗದ್ದೆಗೆ ಬತ್ತಾರಂತೆ ಕಣಮ್ಮಿ! ಒಂದ್ ಲೋಟ ಕಾಪಿ ಕಾಯ್ಸಿ ಕೊಡೋರಿಲ್ಲ ಮನೇಲಿ. ಒಂದಿನದ ಮಟ್ಟಿಗೆ ಬಂದೋಗು.” ಆಗಲೂ ಅವನು ಉಂಡ್ಯಾ ಎಂದು ಕೇಳಲಿಲ್ಲ. ಹೊಂಬಾಳಮ್ಮ ಬರುತ್ತೇನೆಂದಳು.

ಮರುದಿನ ಹೊತ್ತಿಳಿಯುವಾಗ ಗದ್ದೆಯ ಬದುವಿನ ಮೇಲೆ ಪ್ರಿಯಂವದಾ ನಿಂತಿದ್ದರು. ದಫೇದಾರ ನಿಂಗಯ್ಯ ಟವಲು ಸುತ್ತಿದ ಕೋವಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದಿದ್ದ. ಹೊಂಬಾಳಮ್ಮ ಕಾಫಿ ಲೋಟಗಳನ್ನು ಹಿಡಿದು ಹಿಂದೆ ನಿಂತಿದ್ದಳು. ಗದ್ದೆಯ ಗತಿ ನೋಡಿದಾಗಿನಿಂದ ಅವಳು ತುಟಿ ಬಿಗಿದುಕೊಂಡಿದ್ದಳು, ಅಧಿಕಾರಿಯ ಮುಂದೆ ಬಾಯಿ ಬಿಡಬೇಡ ಎಂದು ಗಂಡ ಆಣೆ ಹಾಕಿಸಿದ್ದ.

ದೂರದಲ್ಲಿ ಯಾವುದೋ ಪಕ್ಷದ ಪ್ರಚಾರದ ಪಟಾಕಿ ಢಬಢಬ ಸಿಡಿದು ಸುಮ್ಮನಾಯಿತು. ಕತ್ತಲು ಬೀಳುವ ಮೊದಲೇ ಗುಡ್ಡದ ಕಡೆಯ ಪೊದೆ ಅಲುಗಿ, ಒಂದು ದೊಡ್ಡ ಹಂದಿ, ಅದರ ಹಿಂದೆ ಸಂಸಾರವೆಲ್ಲ ಇಳಿದು ಬಂತು. ಅವು ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ತೆನೆಗೆ ಬಾಯಿ ಹಾಕಿದವು.

“ಈಗ ನೋಡಿ ತಾಯಿ,” ಎಂದು ಜವರಯ್ಯ ನಿಂಗಯ್ಯನಿಂದ ಕೋವಿ ಈಸಿಕೊಂಡು, ತೋಟಾ ತುಂಬಿ, ಆಕಾಶಕ್ಕೆ ಗುರಿಯಿಟ್ಟು ಕುದುರೆ ಎಳೆದ. ಢಂ! ಪ್ರಿಯಂವದಾ ಕಿವಿ ಮುಚ್ಚಿಕೊಂಡರು. ಬೆಳ್ಳಕ್ಕಿಗಳು ಎದ್ದು ಹಾರಿದವು. ಹಂದಿಗಳು ಒಮ್ಮೆ ಕತ್ತೆತ್ತಿ ನೋಡಿ, ಮತ್ತೆ ಊಟಕ್ಕೆ ಕುಳಿತವು.

ಜವರಯ್ಯ ಇನ್ನೊಂದು ಹಾರಿಸಿದ. ಈ ಸಲ ಅವು ಕತ್ತನ್ನೂ ಎತ್ತಲಿಲ್ಲ.

“ಚುನಾವಣೆ ಪಟಾಕಿ ಕೇಳಿ ಕೇಳಿ ಕಿವಿ ಪಳಗಿಬಿಟ್ಟವೆ ಸಾರ್... ಅಲ್ಲ, ಮೇಡಂ,” ಎಂದ ನಿಂಗಯ್ಯ ಮೆಲ್ಲಗೆ.

ಜವರಯ್ಯ ಕೋವಿಯನ್ನು ಕೆಳಗಿಳಿಸಿದ. ಹಕ್ಕು, ಸಂವಿಧಾನ, ಮೂರು ಸಲ ಮಂಡ್ಯ, ಬಸ್ಸಿನ ಕಿಟಕಿಗೆ ಊದಿದ್ದು ಎಲ್ಲ ಈ ಹಂದಿಗಳ ಮುಂದೆ ನೀರಾಗಿ ಹೋಯಿತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಪ್ಪನ ಗದ್ದೆಯನ್ನು ಕಾಯಲಾಗದವನಾದೆನಲ್ಲ ಎಂದು ಅಳು ಬಂತು. ಅವನು ತಲೆ ತಗ್ಗಿಸಿದ್ದನ್ನು ಹೊಂಬಾಳಮ್ಮ ನೋಡಿದಳು. ಆಣೆ ಮುರಿಯಿತು. ಅವಳು ಲೋಟಗಳನ್ನು ನಿಂಗಯ್ಯನ ಕೈಗೆ ತುರುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬದುವಿನ ತುದಿಗೆ ಹೋದಳು.

“ಏಯ್ ನಿಮ್ ವಂಸ ಆಳಾಗೋಗಾ! ನಾನು ತವರುಮನೆಗೋದೆ ಅಂತ ಇಲ್ಲೇ ಬಿಡಾರ ಊಡಿದ್ದೀರಾ? ನಿಮ್ಮಪ್ಪ ನಾಟಿ ಆಕಿದ್ನಾ, ನಿಮ್ಮವ್ವ ಕಳೆ ಕಿತ್ತಿದ್ಲಾ? ಬಂದೆ ಅಂದ್ರೆ ಒಂದೊಂದ್ರುದೂ ಕಾಲು ಮುರ್ದು ಒಲೆಗಿಕ್ತೀನಿ! ಓಡಿ!”

ದೊಡ್ಡ ಹಂದಿಯ ಬಾಯಿಯಿಂದ ತೆನೆ ಉದುರಿತು. ಅದು ಈ ದನಿಯನ್ನು ಮರೆತಿರಲಿಲ್ಲ. ಸರ್ರನೆ ತಿರುಗಿ ಗುಡ್ಡದ ಕಡೆ ಓಡಿತು, ಸಂಸಾರವೆಲ್ಲ ಅದರ ಬಾಲ ಹಿಡಿದು ಓಡಿತು. ನಿಂಗಯ್ಯ ಅಟೆನ್ಷನ್ನಿನಲ್ಲಿ ನಿಂತು ಕಾಫಿಯನ್ನೆಲ್ಲ ಚೆಲ್ಲಿಕೊಂಡಿದ್ದ. ಅತ್ತ ರಸ್ತೆಯಲ್ಲಿ ಬಸ್ಸೊಂದು ಬ್ರೇಕ್ ಹಾಕಿದ ಸದ್ದು ಕೇಳಿಸಿತು.

ಪ್ರಿಯಂವದಾ ಬದುವಿನ ಮೇಲೆಯೇ ಕುಳಿತು ನಕ್ಕರು. ಆಮೇಲೆ ಹೇಳಿದರು: “ಯಜಮಾನ್ರ, ಕೋವಿ ಮನಿಯಾಗ ಇಟ್ಕೊಳ್ಳಲಿಕ್ಕೆ ಬಿಡ್ರಿ ಅಂತ ಸಮಿತಿಗೆ ಬರೀತೀನಿ. ನಿಮ್ಮ ಕೋವಿಗೆ ಹಂದಿನ ಹೆದರವಲ್ಲವು, ಇನ್ನ ಮತದಾರರು ಹೆದರತಾರೇನ್ರಿ? ನೀವು ಕೇಳಿದ್ದರಾಗ ತಪ್ಪಿಲ್ಲ. ಆದರ ನಿಮ್ಮ ಗದ್ದಿ ಕಾಯೂದು ಕೋವಿ ಅಲ್ಲ. ಅಕಿ.”

“ಅಕ್ಕಿನಾ?” ಎಂದ ಜವರಯ್ಯ ಗಾಬರಿಯಿಂದ. ಅವನಿಗೆ ಆ ಮಾತು ಕೇಳಿದರೆ ಸಾಕು, ಅಕ್ಕಿಯ ಸಾಲು ಕಣ್ಣಿಗೆ ಬರುತ್ತಿತ್ತು.

“ಅಕ್ಕಿ ಅಲ್ರಿ, ಹಕ್ಕೀನೂ ಅಲ್ಲ. ನಮ್ಮ ಕಡೆ ಅವಳು ಅನ್ನಲಿಕ್ಕೆ ಅಕಿ ಅಂತೀವಿ,” ಎಂದು ಅವರು ಹೊಂಬಾಳಮ್ಮನ ಕಡೆ ಕೈ ತೋರಿಸಿದರು. “ನಿಮ್ಮ ಮನಿಯಾಕಿ. ಕೋವಿ ತವರಿಗೆ ಹೋಗಿದ್ದಕ್ಕ ಹಂದಿ ಬಂದಿಲ್ಲ, ಅಕಿ ಹೋಗಿದ್ದಕ್ಕ ಬಂದಾವ.”

ಜವರಯ್ಯ ಹೆಂಡತಿಯನ್ನು ನೋಡಿದ. ಇಷ್ಟು ವರ್ಷ ಅವಳು ಅವನ ಬೆನ್ನ ಹಿಂದೆ ನಡೆದದ್ದರಿಂದ, ಗದ್ದೆಯಲ್ಲಿ ನಿಂತ ಅವಳನ್ನು ಅವನು ಎದುರಿನಿಂದ ನೋಡಿಯೇ ಇರಲಿಲ್ಲ. ಕೂಗಿದ ರಭಸಕ್ಕೆ ಅವಳ ತುರುಬು ಬಿಚ್ಚಿತ್ತು, ಹಣೆ ಬೆವೆತಿತ್ತು. ತಾಯಿಯ ಆರೈಕೆ ಮಾಡಿ ಮಾಡಿ ಕೆನ್ನೆ ಇಳಿದಿತ್ತು.

ಪ್ರಿಯಂವದಾ ಜೀಪು ಹತ್ತಿ ಹೋದರು. ನಿಂಗಯ್ಯ, “ನಾಳೆ ಆರ್ಡರ್ ಬಂದೇಟ್ಗೆ ಬಂದು ಈಸ್ಕಳಣ್ಣ, ಇದೊಂದಿನ ನಮ್ಮನೇಲಿರ್ಲಿ,” ಎಂದು ಕೋವಿಯನ್ನು ಮತ್ತೆ ಟವಲಿಗೆ ಸುತ್ತಿ ಎತ್ತಿಕೊಂಡು ಹೊರಟ. ಜವರಯ್ಯ ಅದರ ಕಡೆ ತಿರುಗಿಯೂ ನೋಡಲಿಲ್ಲ.

“ಒಂಬಾಳಿ,” ಎಂದ. ಅವಳ ಹತ್ತಿರಕ್ಕೆ ಬಂದ. “ಉಂಡ್ಯಾ?”

ಹೊಂಬಾಳಮ್ಮ ಸೊಂಟದ ಸೆರಗು ಬಿಡಿಸಿಕೊಳ್ಳುತ್ತಿದ್ದವಳು ನಿಂತಳು. “ಇಲ್ಲ,” ಎಂದಳು. ಗದ್ದೆಗೆಲ್ಲ ಕೇಳುವ ಆ ದನಿ ಈಗ ಅವನಿಗೆ ಮಾತ್ರ ಕೇಳುವಷ್ಟಿತ್ತು.

“ನಡಿ, ನಾನೇ ಇಕ್ತೀನಿ. ನಾಳೆ ಅತ್ತೇನೂ ಇಲ್ಗೇ ಕರ್ಕಂಡ್ ಬರೋವ. ನಾನೇ ಕಾರ್ ಮಾಡ್ಕಂಡ್ ಬತ್ತೀನಿ.”

“ಅವ್ವನ ಬಾಯಿ ನಂಗಿಂತ ಜೋರು, ನೋಡ್ಕ ಮತ್ತೆ,” ಎಂದು ಅವಳು ನಕ್ಕಳು. “ನಡಿ ಮುಂದೆ.”

“ನೀನ್ ಮುಂದೆ ನಡಿ,” ಎಂದ ಜವರಯ್ಯ.

ಹೊಂಬಾಳಮ್ಮ ಬ್ಯಾಟರಿ ಹಚ್ಚಿಕೊಂಡು ಬದುವಿನ ಮೇಲೆ ಮುಂದೆ ಹೊರಟಳು. ಜವರಯ್ಯ ಖಾಲಿ ಲೋಟಗಳನ್ನು ಎತ್ತಿಕೊಂಡು ಅವಳ ಹಿಂದೆ ನಡೆದ.